ಕಿಟ್ ಗಿಟಾರ್ ಹೆಡ್‌ಸ್ಟಾಕ್ ಮನೇಲೇ ಶೇಪ್ ಮಾಡ್ಬೋದಾ? ಕೋಪಿಂಗ್ ಸಾ, ಅರ ಅಷ್ಟೇ ಇರೋದು

ತಂತಿಪ್ರಿಯ:
ಎಲ್ರಿಗೂ ನಮಸ್ಕಾರ. ಒಂದು ಎಲೆಕ್ಟ್ರಿಕ್ ಗಿಟಾರ್ ಕಿಟ್ ತಗೊಂಡಿದೀನಿ, ನೆಕ್ ಮೇಪಲ್‌ದು, ಹೆಡ್‌ಸ್ಟಾಕ್ (ನೆಕ್ ತುದಿಯ ತಲೆ ಭಾಗ) ಮಾತ್ರ ಶೇಪ್ ಇಲ್ದೆ ಅಗಲವಾದ ಹಲಗೆ ಥರ ಬಿಟ್ಟಿದಾರೆ. ಟ್ಯೂನರ್ (ತಂತಿ ಬಿಗಿ ಮಾಡೋ ಬಿರಡೆ) ತೂತು ಆರೂ ಒಂದೇ ಸಾಲಲ್ಲಿ ಮೊದ್ಲೇ ಹೊಡೆದಿದೆ. ನನ್ ಹತ್ರ ಇರೋದು ಕೋಪಿಂಗ್ ಸಾ (ಸಣ್ಣ ಬ್ಲೇಡಿನ ಕೈಗರಗಸ), ಅರ್ಧ ದುಂಡಗಿರೋ ಒಂದು ಅರ, ಹ್ಯಾಂಡ್ ಡ್ರಿಲ್, ಎರಡು ಕ್ಲ್ಯಾಂಪ್, ಸ್ಯಾಂಡ್ ಪೇಪರ್. ಇಷ್ಟರಲ್ಲಿ ಆಗುತ್ತಾ? ತೂತಿನ ಸುತ್ತ ಎಷ್ಟು ಮರ ಬಿಡ್ಬೇಕು ಅನ್ನೋದೇ ದೊಡ್ಡ ಡೌಟು.

ಮರಗೆಲಸದವ:
ಧಾರಾಳವಾಗಿ ಆಗುತ್ತೆ. ಆದ್ರೆ ಪೆನ್ಸಿಲ್ ಹಿಡಿಯೋಕ್ ಮುಂಚೆ ಆರೂ ಟ್ಯೂನರ್ ತೂತಲ್ಲಿ ಸುಮ್ನೆ ಕೂರಿಸಿ ನೋಡಿ, ಸ್ಕ್ರೂ ಬೇಡ. ಎಷ್ಟು ಮರ ಬಿಡ್ಬೇಕು ಅಂತ ಹೇಳೋದು ಅದೇ, ಯಾರೋ ಕೊಟ್ಟ ಅಳತೆ ಅಲ್ಲ. ಮರ ಜಾಸ್ತಿ ಉಳಿದ್ರೆ ಟ್ಯೂನರ್ ಕಿವಿ (ಬೆರಳಲ್ಲಿ ತಿರುಗಿಸೋ ಭಾಗ) ಅಂಚಿಗೆ ಉಜ್ಜುತ್ತೆ, ತಿರುಗಿಸೋಕೆ ಬೆರಳು ಹೋಗಲ್ಲ, ಕಮ್ಮಿ ಆದ್ರೆ ಹಿಂದಿನ ಗೇರ್ ಡಬ್ಬಿ ಅಂಚಿಂದ ಹೊರಗೆ ಇಣುಕುತ್ತೆ. ಇವೆರಡರ ನಡುವೆ ಒಂದು ಗೆರೆ ಸಿಗುತ್ತೆ, ಟ್ಯೂನರ್ ಕಡೆ ಅಂಚು ಆ ತೂತುಗಳ ಸಾಲಿಗೆ ಸಮಾನಾಂತರವಾಗೇ ಹೋಗ್ಬೇಕು, ಮಿಕ್ಕ ಅಂಚೆಲ್ಲ ನಿಮ್ಮಿಷ್ಟ. ಶೇಪನ್ನ ದಪ್ಪ ಕಾರ್ಡ್‌ಬೋರ್ಡಲ್ಲಿ ಕತ್ತರಿಸಿ, ಹೆಡ್ ಮೇಲಿಟ್ಟು ದೂರದಿಂದ ನೋಡಿ, ಆಮೇಲೆ ಗೆರೆ ಹಾಕಿ.

ಕೊಯ್ಯೋವಾಗ ಗೆರೆ ಹೊರಗೆ ಒಂದೆರಡು ಮಿಮೀ ಬಿಡಿ. ಬಾಗಿರೋ ಜಾಗದಲ್ಲಿ ಮೊದ್ಲು ಅಂಚಿಂದ ಗೆರೆ ಹತ್ತಿರದವರೆಗೆ ಅಡ್ಡಡ್ಡ ಸಣ್ಣ ಸಣ್ಣ ಕಟ್ ಹಾಕ್ಕೊಳಿ, ಆಮೇಲೆ ಗೆರೆ ಪಕ್ಕದಲ್ಲಿ ಹೋಗ್ತಾ ಇದ್ರೆ ಚೂರು ಚೂರಾಗಿ ಉದುರುತ್ತೆ, ಬ್ಲೇಡ್ ಸಿಕ್ಕಿ ಹಾಕ್ಕೊಳಲ್ಲ. ಕೋಪಿಂಗ್ ಸಾ ಬ್ಲೇಡ್ ಹಲ್ಲು ಹಿಡಿ ಕಡೆ ಇರ್ಲಿ, ಎಳೆಯೋವಾಗ ಕೊಯ್ಯುತ್ತೆ.

ಗುಂಡಿಗಿಟಾರ್:
ಇದೆಲ್ಲ ಯಾಕೆ ಗುರು, ಎಮ್‌ಡಿಎಫ್ ಟೆಂಪ್ಲೇಟ್ ಅಂಟಿಸಿ ರೌಟರ್ (ಮರ ಕೆತ್ತೋ ಮೆಷಿನ್) ಓಡಿಸಿದ್ರೆ ಹತ್ತು ನಿಮಿಷದ ಕೆಲಸ

ಮರಗೆಲಸದವ:
ಅವ್ರು ಬರ್ದಿರೋ ಲಿಸ್ಟಲ್ಲಿ ರೌಟರ್ ಇಲ್ವಲ್ಲ ಮಾರಾಯ್ರೆ. ಇದ್ರೂ ಹೆಡ್ ತುದಿಯಲ್ಲಿ ಎಳೆ ಅಡ್ಡ ಬರೋ ಕಡೆ ರೌಟರ್ ಬಿಟ್ (ತಿರುಗೋ ಅಲಗು) ಮೇಪಲ್‌ನ ಕಚ್ಕೊಂಡು ಒಂದು ತುಂಡೇ ಕಿತ್ಕೊಂಡು ಹೋಗುತ್ತೆ. ಮೊದಲ್ನೇ ಸಲದವರಿಗೆ ಅರಾನೇ ವಾಸಿ, ನಿಧಾನ ಆದ್ರೂ ಕೈ ಹೇಳಿದ್ ಮಾತು ಕೇಳುತ್ತೆ.

ಸದ್ದುಸಂತೆ:
ಜಿಗ್‌ಸಾ (ಕರೆಂಟ್ ಗರಗಸ) ಯಾರಾದ್ರೂ ಸಾಲ ಕೊಟ್ರೆ ಒಂದ್ ವಿಷ್ಯ ನೆನಪಿರ್ಲಿ, ಮಾಮೂಲಿ ಬ್ಲೇಡ್ ಮೇಲಕ್ಕೆ ಬರೋವಾಗ ಕೊಯ್ಯೋದು, ಅದ್ಕೆ ಮೇಲಿನ ಮುಖಾನೇ ಸಿಬಿರೇಳೋದು. ಹೆಡ್‌ನ ಮುಂಭಾಗ ಕೆಳಗೆ ಮಾಡಿ ಕೊಯ್ಯಿರಿ, ಗೆರೆ ಹಿಂದೆ ಹಾಕ್ಕೊಳಿ. ಬ್ಲೇಡ್ ತಿರುವಲ್ಲಿ ಒಳಗೊಳಗೇ ಓರೆ ಆಗುತ್ತೆ, ಮೇಲೆ ಗೆರೆ ಮೇಲಿದ್ರೂ ಕೆಳಗೆ ಒಳಗೆ ನುಗ್ಗಿರುತ್ತೆ, ಹಾಗಾಗಿ ಮೂರು ಮಿಮೀ ಬಿಡಿ.

ತಂತಿಪ್ರಿಯ:
ಥ್ಯಾಂಕ್ಸ್ ಎಲ್ರಿಗೂ! ಟ್ಯೂನರ್ ಕೂರಿಸಿ ನೋಡಿದ್ರೆ ಒಂದ್ ಕಡೆ ಕಿವಿ ನಿಜವಾಗ್ಲೂ ಮರಕ್ಕೆ ತಾಗ್ತಿದೆ. ಇನ್ನೊಂದು, ನಟ್ (ನೆಕ್ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಹತ್ರ ಹೆಡ್ ನೆಕ್‌ಗೆ ಸೇರೋ ಒಳಬಾಗು ಹೇಗೆ ಮಾಡೋದು? ಅರ ಅಲ್ಲಿ ಚಪ್ಪಟೆ ಚಪ್ಪಟೆ ಕಲೆ ಬಿಡುತ್ತೆ ಅನ್ಸುತ್ತೆ.

ಹಳೇನೆಕ್ಕು:
ಅರದ ದುಂಡು ಮುಖದಲ್ಲಿ ಮಾಡಿ, ಆದ್ರೆ ಒಂದೇ ಜಾಗದಲ್ಲಿ ನೇರ ತಿಕ್ಕಬೇಡಿ, ಮುಂದೆ ತಳ್ತಾ ತಳ್ತಾನೇ ಪಕ್ಕಕ್ಕೂ ಜಾರಿಸಿ, ಆಗ ಹಳ್ಳ ಬೀಳಲ್ಲ. ಕೊನೇಲಿ ಆ ಬಾಗಿಗೆ ಸರಿಯಾಗೋ ಪೈಪ್ ತುಂಡಿಗೆ 80 ನಂಬರ್ ಸ್ಯಾಂಡ್ ಪೇಪರ್ ಸುತ್ತಿ ಉಜ್ಜಿ, ಆಮೇಲೆ 120, 180, 220. ಬೆರಳಲ್ಲಿ ಹಿಡ್ಕೊಂಡು ಉಜ್ಜಿದ್ರೆ ಅಂಚು ಗುಂಡಗಾಗಿ ಮೊದ್ದಾಗುತ್ತೆ. ಆಗಾಗ ಸಣ್ಣ ಮೂಲೆಮಟ್ಟ ಇಟ್ಟು ಅಂಚು ನೇರ ಇದ್ಯಾ ನೋಡಿ.

ಟ್ರಸ್ ರಾಡ್ (ನೆಕ್ ಬಾಗು ಸರಿ ಮಾಡೋ ಒಳಗಿನ ಸರಳು) ತಿರುಗಿಸೋ ನಟ್ ಹೆಡ್ ಕಡೆ ಇದ್ರೆ ಅದು ಕೂತಿರೋ ಗುಂಡಿ ಪಕ್ಕದಲ್ಲಿ ಜಾಸ್ತಿ ಕಿರಿದು ಮಾಡ್ಬೇಡಿ, ಅಲ್ಲಿ ಮೊದ್ಲೇ ಮರ ಕಮ್ಮಿ. ನಿಮ್ದು ಚಪ್ಪಟೆ ಹೆಡ್ ಅನ್ಸುತ್ತೆ. ಹಿಂದಕ್ಕೆ ಬಾಗಿರೋ ಹೆಡ್ ಆಗಿದ್ರೆ ಕೆಳಗೆ ಅದೇ ಕೋನದ ಬೆಣೆ ಕೊಟ್ಟು ಕ್ಲ್ಯಾಂಪ್ ಮಾಡ್ಬೇಕಿತ್ತು, ಇಲ್ದಿದ್ರೆ ಒತ್ತಡಕ್ಕೆ ನಟ್ ಹಿಂದೇನೇ ಬಿರುಕು ಬಿಡುತ್ತೆ.

ದಪ್ಪಾನೂ ಅಳೆದು ನೋಡಿ. ಹೆಚ್ಚಿನ ಹೆಡ್‌ಗಳು 14-15 ಮಿಮೀ ಇರುತ್ತೆ, ಅದಕ್ಕಿಂತ ತುಂಬಾ ದಪ್ಪ ಇದ್ರೆ ಮುಂದಿನಿಂದ ಹಾಕೋ ಬುಷಿಂಗ್ (ಉಂಗುರದಂಥ ಬಿಗಿಯೋ ತುಂಡು) ಟ್ಯೂನರ್ ಥ್ರೆಡ್ಡಿಗೆ ಎಟುಕಲ್ಲ.

ಸದ್ದುಸಂತೆ:
+1. ಮಾಸ್ಕ್ ಹಾಕ್ಕೊಳಿ, ಮೇಪಲ್ ಪುಡಿ ಮೂಗಿಗೆ ಒಳ್ಳೇದಲ್ಲ. ಫಿನಿಶ್ ಒಣಗಿದ ಮೇಲೇನೇ ಟ್ಯೂನರ್ ಹಾಕಿ, ಅದರ ಪುಟ್ಟ ಸ್ಕ್ರೂಗೆ ಮೊದ್ಲು ಸಣ್ಣ ತೂತು ಕೊರೆದು ಸ್ಕ್ರೂಗೆ ಸ್ವಲ್ಪ ಮೇಣ ಸವರಿ, ಇಲ್ಲಾಂದ್ರೆ ಮೇಪಲ್ಲಲ್ಲಿ ತಲೆ ಮುರಿದು ಒಳಗೇ ಕೂತ್ಬಿಡುತ್ತೆ, ಅದನ್ನ ತೆಗೆಯೋ ಪಾಡು ಬೇಡ. ಮತ್ತೆ ಮುಂದೆ ಮಾಡಿ ಮಾರೋ ಯೋಚನೆ ಇದ್ರೆ ಫೆಂಡರ್ ಕಂಪನಿ ಗಿಟಾರಿನ ಹೆಡ್ ಶೇಪ್ ಕಾಪಿ ಹೊಡೀಬೇಡಿ, ಅದು ಟ್ರೇಡ್‌ಮಾರ್ಕ್.

ತಂತಿಪ್ರಿಯ:
ಮಾರೋದಾ, ಮೊದ್ಲು ನುಡಿಸೋಕೆ ಬಂದ್ರೆ ಸಾಕು 😄 ಕಾರ್ಡ್‌ಬೋರ್ಡ್ ಕತ್ತರಿಸಿದೀನಿ, ಟ್ಯೂನರ್ ಕಡೆ ಗೆರೆ ಸಿಕ್ತು, ತುದಿ ಮಾತ್ರ ಇನ್ನೂ ಇಷ್ಟ ಆಗ್ತಿಲ್ಲ.