ಹಾರುವ ತಟ್ಟೆ ಕಂಡವರ ವೆಬ್‌ಸೈಟ್: ನಿಜವೋ, ಸಿನಿಮಾ ಪ್ರಚಾರವೋ? ಸಹಾಯ ಬೇಕು

ನಮಸ್ಕಾರ. ಅಮೆರಿಕದಲ್ಲಿ ಹಾರುವ ತಟ್ಟೆ ಕಂಡವರ ಅನುಭವ ಅಂತ ಒಂದು ವೆಬ್‌ಸೈಟ್ ಇದೆ. ನಮ್ಮ ಅಣ್ಣನ ಮಗ ಪೂರ್ತಿ ನಂಬಿಬಿಟ್ಟಿದ್ದಾನೆ. ನನಗೆ ಅನುಮಾನ. ಬರೆದವರ ಹೆಸರು ಬೇರೆ ಬೇರೆ, ಧಾಟಿ ಮಾತ್ರ ಒಂದೇ. ಕೆಳಗೆ ‘ಸತ್ಯ ಹೊರಬರಲಿದೆ’ ಅಂತ ಕೌಂಟ್‌ಡೌನ್ ಬೇರೆ ಓಡುತ್ತಿದೆ!

2009ರಲ್ಲಿ ಅಮೆರಿಕದ ಅಲಾಸ್ಕಾದ ನೋಮ್ ಊರಿನ ಕಥೆ ಅಂತ ಬಂದ ಏಲಿಯನ್ ಸಿನಿಮಾದ ಪ್ರಚಾರಕ್ಕಾಗಿ, ಅಲ್ಲಿನ ಪತ್ರಿಕೆಗಳ ಹೆಸರಲ್ಲೇ ಸುಳ್ಳು ಸುದ್ದಿ ಹಾಕಿದ್ದರು. 2007ರಲ್ಲಿ ಹೈಟಿಯಲ್ಲಿ ಹಾರುವ ತಟ್ಟೆ ಕಂಡಿತು ಅಂತ ಹರಿದಾಡಿದ ವಿಡಿಯೊದಲ್ಲಂತೂ ಒಂದೇ ತಾಳೆ ಮರ ಮತ್ತೆ ಮತ್ತೆ ಕಾಣಿಸಿ, ಅದು ಕಂಪ್ಯೂಟರ್‌ನಲ್ಲಿ ಮಾಡಿದ್ದು ಅಂತ ಗುಟ್ಟು ರಟ್ಟಾಯಿತು.

ಈ ವೆಬ್‌ಸೈಟ್‌ನ ಡೊಮೇನ್ (ಅಂದ್ರೆ ಅದರ ವಿಳಾಸ) ಹೊಸದು, ಮಾಲೀಕರ ಹೆಸರು ಮುಚ್ಚಿದೆ. ಆದರೆ ಒಳ್ಳೆಯ ಸೈಟ್‌ಗಳೂ ಹೆಸರು ಮುಚ್ಚುತ್ತವೆ, ಅಲ್ವಾ? ಫೋಟೊಗಳು ಕಂಪ್ಯೂಟರ್‌ನಲ್ಲಿ ಮಾಡಿದ್ದಾ ಅಂತ ಪತ್ತೆ ಮಾಡೋದು ಹೇಗೆ? ಗ್ರಾಫಿಕ್ಸ್ ಗೊತ್ತಿರುವವರು ದಯವಿಟ್ಟು ಹೇಳಿ. ಹುಡುಗನಿಗೆ ಸುಮ್ನೆ ಬೈಯುವುದು ಬೇಡ, ಸಾಕ್ಷಿ ತೋರಿಸಬೇಕು.