ಒಂದೇ ಕೀವು, ಎರಡು ಹೆಸರು

ವಾಟ್ಸಾಪ್ ಗುಂಪು: ಗದ್ದೆಮನೆ ಕುಟುಂಬ
ಭಾನುವಾರ

ಸತೀಶ, 7:42
(ಎರಡು ಚಿತ್ರಗಳು)
ಅಪ್ಪನ ತೊಡೆಯ ಕುರುವಿನಿಂದ ತೆಗೆದ ಕೀವಿನ ವರದಿಗಳು ಇವು. ಮೊದಲನೆಯದು ಪೇಟೆಯ ಲ್ಯಾಬಿನದು. ಅದರಲ್ಲಿ ‘ಸ್ಯೂಡೋಮೊನಾಸ್ ಪ್ರಭೇದ’ ಎಂದಿದೆ. ಎರಡನೆಯದು ಈಗ ದಾಖಲಾಗಿರುವ ಆಸ್ಪತ್ರೆಯದು. ಅದರಲ್ಲಿ ‘ಬರ್ಖೋಲ್ಡೇರಿಯಾ ಸ್ಯೂಡೋಮಲೈ’ ಎಂದಿದೆ. ಕನಿಷ್ಠ ಎರಡು ವಾರ ರಕ್ತನಾಳದ ಮೂಲಕ ಔಷಧ, ಆಮೇಲೆ ಮೂರು ತಿಂಗಳು ಮಾತ್ರೆ ಎನ್ನುತ್ತಿದ್ದಾರೆ. ಯಾವ ವರದಿಯನ್ನು ನಂಬಬೇಕೋ ತಿಳಿಯುತ್ತಿಲ್ಲ.

ವನಜಾ, 7:50
ಎರಡರಲ್ಲೂ ‘ಗ್ರಾಂ ನೆಗೆಟಿವ್’ ಎಂದೇ ಇದೆಯಲ್ಲ ಸತೀಶ. ನೆಗೆಟಿವ್ ಬಂದ ಮೇಲೆ ಆಸ್ಪತ್ರೆ ಯಾಕೆ?

ಸುಮಾ, 7:53
ಅಮ್ಮಾ, ಅದು ಬಣ್ಣದ ಸುದ್ದಿ. ಲ್ಯಾಬಿನಲ್ಲಿ ನಾವು ಸ್ಲೈಡಿಗೆ ನೇರಳೆ ಬಣ್ಣ ಹಾಕಿ, ಅಯೋಡಿನ್ ಹಾಕಿ, ಆಲ್ಕೋಹಾಲಿನಲ್ಲಿ ತೊಳೆಯುತ್ತೇವೆ. ಬಣ್ಣವನ್ನು ಬಿಡದೆ ಹಿಡಿದುಕೊಂಡ ಬ್ಯಾಕ್ಟೀರಿಯಾ ಪಾಸಿಟಿವ್, ಬಿಟ್ಟುಕೊಟ್ಟದ್ದು ನೆಗೆಟಿವ್. ರೋಗ ಇಲ್ಲ ಎಂದು ಅರ್ಥವಲ್ಲ. ಗ್ರಾಂ ಎಂದರೆ ತೂಕವೂ ಅಲ್ಲ, 1884ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಡೆನ್ಮಾರ್ಕಿನ ವೈದ್ಯನ ಹೆಸರು.

ರಾಘವೇಂದ್ರ, 8:15
ಬಣ್ಣದ ವಿಷಯ ಆಮೇಲೆ. ಎರಡು ವಾರ ಹಾಸಿಗೆಯ ಬಾಡಿಗೆ ಎಷ್ಟಾಗುತ್ತದೆ ಎಂದು ಯಾರಾದರೂ ಕೇಳಿದ್ದೀರಾ? ಪೇಟೆಯ ಲ್ಯಾಬಿನವನು ಎರಡೇ ದಿನದಲ್ಲಿ ಉತ್ತರ ಕೊಟ್ಟ. ಇವರು ಐದು ದಿನ ತೆಗೆದುಕೊಂಡು ಹೆಸರನ್ನು ಉದ್ದ ಮಾಡಿದ್ದಾರೆ. ಹೆಸರು ಉದ್ದವಾದಷ್ಟೂ ಬಿಲ್ಲು ಉದ್ದ.

ಗಿರೀಶ, 8:21
ಅಪ್ಪ ಹೇಳುವುದರಲ್ಲಿ ಅರ್ಥವಿದೆ. ಮಾಲ್ಡಿ-ಟಾಫ್ ಎಂಬ ಯಂತ್ರ ಕೆಲವೇ ನಿಮಿಷಗಳಲ್ಲಿ ಬ್ಯಾಕ್ಟೀರಿಯಾದ ಹೆಸರು ಹೇಳುತ್ತದೆ ಎಂದು ನಾನೇ ಓದಿದ್ದೇನೆ. ದೊಡ್ಡ ಆಸ್ಪತ್ರೆಗೆ ಐದು ದಿನ ಏಕೆ ಬೇಕಾಯಿತು?

ಸುಮಾ, 8:30
ಯಂತ್ರಕ್ಕೆ ಕೀವನ್ನೇ ಕುಡಿಸಲು ಆಗುವುದಿಲ್ಲ ಗಿರೀಶ. ಮೊದಲು ಬ್ಯಾಕ್ಟೀರಿಯಾ ಪ್ಲೇಟಿನಲ್ಲಿ ಬೆಳೆಯಬೇಕು, ಬೆಳೆದ ಗುಂಪಿನ, ಅಂದರೆ ಕಾಲೊನಿಯ, ಪ್ರೋಟೀನುಗಳ ಗುರುತನ್ನು ಯಂತ್ರ ತನ್ನ ಪಟ್ಟಿಯ ಜೊತೆ ಹೋಲಿಸುತ್ತದೆ. ಪಟ್ಟಿಯಲ್ಲಿ ಇಲ್ಲದವರನ್ನು ಅದು ಹತ್ತಿರದ ನೆಂಟರ ಹೆಸರಿನಿಂದ ಕರೆಯುತ್ತದೆ. ಸ್ಯೂಡೋಮಲೈಗೆ ಥೈಲ್ಯಾಂಡೆನ್ಸಿಸ್ ಎಂಬ ತಮ್ಮನಿದ್ದಾನೆ, ಬಹುಪಾಲು ನಿರುಪದ್ರವಿ. ಅಣ್ಣನ ಬದಲು ತಮ್ಮನ ಹೆಸರನ್ನು ಯಂತ್ರ ಕೊಟ್ಟದ್ದೂ ಉಂಟು. ಅದಕ್ಕೇ ಲೇಟೆಕ್ಸ್ ಪರೀಕ್ಷೆಯಂಥ ಇನ್ನೊಂದು ಸಾಕ್ಷಿಯನ್ನು ಕೇಳುತ್ತಾರೆ.

ರಾಘವೇಂದ್ರ, 9:05
(ಒಂದು ಚಿತ್ರ)
ನನ್ನ ಕಪಾಟಿನ ಹಳೆಯ ಪಠ್ಯಪುಸ್ತಕ. ಕೆಂಪು ಗೆರೆ ಹಾಕಿದ್ದೇನೆ, ನೋಡಿ: ‘ಸ್ಯೂಡೋಮೊನಾಸ್ ಸ್ಯೂಡೋಮಲೈ’. ಅಂದರೆ ಎರಡು ವರದಿಗಳೂ ಒಂದೇ! ಮೂವತ್ತಾರು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನಿಗೆ ಹೆಸರುಗಳನ್ನು ಕಲಿಸಬೇಡಿ.

ಗಿರೀಶ, 9:06
😂 ಸುಮಾ, ಇದಕ್ಕೆ ಏನು ಹೇಳುತ್ತೀಯ?

ಸುಮಾ, 9:31
ದೊಡ್ಡ ಮಾವ, ಪುಸ್ತಕ ಸರಿಯಾಗಿಯೇ ಇದೆ. 1992ರವರೆಗೆ ಇದು ಸ್ಯೂಡೋಮೊನಾಸ್ ಕುಲದಲ್ಲೇ ಇತ್ತು. ಆ ವರ್ಷ ಇದನ್ನೂ ಇದರ ಕೆಲವು ನೆಂಟರನ್ನೂ ಬೇರೆ ಮನೆ ಮಾಡಿಸಿ ಬರ್ಖೋಲ್ಡೇರಿಯಾ ಎಂದು ಹೆಸರಿಟ್ಟರು. ಬರ್ಖೋಲ್ಡರ್ ನಿಮ್ಮ ಕಡೆಯವರೇ, ಅಮೆರಿಕದ ಸಸ್ಯರೋಗ ತಜ್ಞ. ಈರುಳ್ಳಿಯನ್ನು ಕೊಳೆಯಿಸುವ ಬ್ಯಾಕ್ಟೀರಿಯಾವನ್ನು ವಿವರಿಸಿದವರು.

ಆದರೆ ಪೇಟೆಯ ವರದಿಯಲ್ಲಿ ‘ಸ್ಯೂಡೋಮಲೈ’ ಎಂಬ ಎರಡನೇ ಹೆಸರು ಇಲ್ಲ. ‘ಪ್ರಭೇದ’ ಎಂದು ಬರೆದು ನಿಲ್ಲಿಸಿದ್ದಾರೆ. ಮಟ್ಟುಗುಳ್ಳ ಬದನೆಯೂ ಸೊಲಾನಮ್, ಆಲೂಗಡ್ಡೆಯೂ ಸೊಲಾನಮ್, ಬದುವಿನ ಮುಳ್ಳು ಸುಂಡೆಯೂ ಸೊಲಾನಮ್. ನಿಮ್ಮ ವಿದ್ಯಾರ್ಥಿ ಗಿಡದ ಚೀಟಿಯಲ್ಲಿ ‘ಸೊಲಾನಮ್ ಪ್ರಭೇದ’ ಎಂದಷ್ಟೇ ಬರೆದಿದ್ದರೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ?

ರಾಘವೇಂದ್ರ, 9:40
ಸೊನ್ನೆ.

ರಾಘವೇಂದ್ರ, 9:41
ಆದರೆ ಅದು ಪರೀಕ್ಷೆ. ಇದು ಕೀವು.

ವನಜಾ, 9:44
ಅಣ್ಣಾ, ಭಾಸ್ಕರ ಹತ್ತು ದಿನ ಸಿಪ್ರೊಫ್ಲಾಕ್ಸಸಿನ್ ನುಂಗಿಯೂ ಜ್ವರ ಇಳಿಯಲಿಲ್ಲ. ಅದು ಯಾವ ವರದಿ ನೋಡಿ ಕೊಟ್ಟ ಮಾತ್ರೆ?

ರಾಘವೇಂದ್ರ, 9:46
ಈ ಸಂದೇಶವನ್ನು ಅಳಿಸಲಾಗಿದೆ

ಸತೀಶ, 9:52
ಪೇಟೆಯ ವರದಿ ನೋಡಿಯೇ ಅತ್ತೆ. ಸುಮಾ ಅಕ್ಕ, ಅವರು ಎಡವಿದ್ದು ಎಲ್ಲಿ? ಜಗಳಕ್ಕಲ್ಲ, ತಿಳಿಯಬೇಕು.

ಸುಮಾ, 10:20
ಸ್ಯೂಡೋಮೊನಾಸ್, ಸ್ಯೂಡೋಮಲೈ ಎರಡೂ ಮೊದಲ ಮೆಟ್ಟಿಲುಗಳಲ್ಲಿ ಒಂದೇ ರೀತಿ ನಡೆದುಕೊಳ್ಳುತ್ತವೆ. ಎರಡೂ ಕಡ್ಡಿಯಾಕಾರ, ಎರಡೂ ಗ್ರಾಂ ನೆಗೆಟಿವ್. ಮ್ಯಾಕಾಂಕಿ ಪ್ಲೇಟಿನಲ್ಲಿರುವ ಲ್ಯಾಕ್ಟೋಸನ್ನು ಎರಡೂ ಮುಟ್ಟುವುದಿಲ್ಲ. ಆಕ್ಸಿಡೇಸ್ ಎಂಬ ಕಿಣ್ವವನ್ನು ಪತ್ತೆಹಚ್ಚುವ ಕಾಗದಕ್ಕೆ ಸವರಿದರೆ ಎರಡರಲ್ಲೂ ಕೆಲವೇ ಸೆಕೆಂಡುಗಳಲ್ಲಿ ಕಡುನೇರಳೆ ಬರುತ್ತದೆ. ಸಾಮಾನ್ಯವಾಗಿ ಸಿಗುವ ಸ್ಯೂಡೋಮೊನಾಸ್ ಎರುಜಿನೋಸಾ ಆಗಿದ್ದರೆ ಬಹಳಷ್ಟು ಸಲ ಪ್ಲೇಟು ಹಸಿರಾಗುತ್ತದೆ, ದ್ರಾಕ್ಷಿಯ ವಾಸನೆ ಬರುತ್ತದೆ. ಹಸಿರು ಕಾಣದಿದ್ದರೆ ‘ಪ್ರಭೇದ’ ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ.

ಸ್ಯೂಡೋಮಲೈ ನಿಧಾನದ ಪ್ರಾಣಿ. ಎರಡನೇ ದಿನ ನಯವಾಗಿ, ಸಾಧುವಾಗಿ ಕೂತಿರುತ್ತದೆ. ಮೂರನೇ, ನಾಲ್ಕನೇ ದಿನ ಒಣಗಿ, ಮಳೆಗಾಲದ ಹಪ್ಪಳದ ಹಾಗೆ ಸುಕ್ಕುಗಟ್ಟುತ್ತದೆ. ಇದಕ್ಕೆಂದೇ ಆಶ್‌ಡೌನ್ ಎಂಬ ಪ್ಲೇಟ್ ಇದೆ, ಅದರಲ್ಲಿ ನೇರಳೆ ಬಣ್ಣ ಹೀರಿಕೊಂಡು ಸುಕ್ಕಾಗುತ್ತದೆ. ಆ ಸುಕ್ಕು ಬರುವ ಮೊದಲೇ ಪ್ಲೇಟನ್ನು ಎಸೆದರೆ ಯಾರು ಏನು ಕಂಡಾರು? ಐದು ದಿನ ಎಲ್ಲಿ ಹೋಯಿತು ಎಂದು ಗಿರೀಶ ಕೇಳಿದನಲ್ಲ, ಅಲ್ಲಿಗೆ ಹೋಯಿತು.

ನಾನೂ ಸಾಧುವೇನಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಥದ್ದೇ ಒಂದು ಪ್ಲೇಟನ್ನು ಹೊರಗಿನಿಂದ ಬಂದ ಕೊಳೆ ಎಂದು ಬದಿಗಿಟ್ಟಿದ್ದೆ, ಸಾಲದ್ದಕ್ಕೆ ಮುಚ್ಚಳ ತೆಗೆದು ಮೂಸಲು ಹೊರಟಿದ್ದೆ. ಹಿರಿಯರು ಕೈ ಹಿಡಿದು ತಡೆದರು. ಉಸಿರಿನಲ್ಲಿ ಒಳಗೆ ಹೋದರೂ ರೋಗ ತರುವ ಜಾತಿ ಇದು.

ಗಿರೀಶ, 10:28
ನಮ್ಮ ಊರಿನಲ್ಲಿ ಇಂಥದ್ದು ಎಲ್ಲಿಂದ ಬಂತು?

ಸುಮಾ, 10:34
ಬಂದದ್ದಲ್ಲ, ಇರುವುದು. ಮಣ್ಣಿನಲ್ಲಿ, ಕೆಸರು ನೀರಿನಲ್ಲಿ. ಉಡುಪಿ, ದಕ್ಷಿಣ ಕನ್ನಡದ ಕಡೆ ಮಳೆಗಾಲದಲ್ಲಿ ಈ ರೋಗ ಕಾಣಿಸಿಕೊಳ್ಳುವುದು ವೈದ್ಯರಿಗೆ ಹೊಸದಲ್ಲ. ರೋಗದ ಹೆಸರು ಮೆಲಿಯಾಯ್ಡೋಸಿಸ್. ಸಕ್ಕರೆ ಕಾಯಿಲೆ ಇರುವವರನ್ನು ಹುಡುಕಿಕೊಂಡು ಹೋಗುತ್ತದೆ. ಭಾಸ್ಕರ ಮಾವನಿಗೆ ಸಕ್ಕರೆಯೂ ಇದೆ, ಬರಿಗಾಲಿನಲ್ಲಿ ನಾಟಿ ಗದ್ದೆಗೆ ಇಳಿಯುವ ಹಟವೂ ಇದೆ.

ರಾಘವೇಂದ್ರ, 11:10
ಓದಿದೆ. 1912ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಎಂಬವರೂ ಕೃಷ್ಣಸ್ವಾಮಿ ಎಂಬವರೂ ಇದನ್ನು ಮೊದಲು ವಿವರಿಸಿದರಂತೆ. ಕುದುರೆಗಳ ಗ್ಲ್ಯಾಂಡರ್ಸ್ ರೋಗದಂತೆಯೇ ಕಂಡಿತು, ಆದರೆ ಅದಲ್ಲ ಎಂದು ಹಟ ಹಿಡಿದು ಬೇರೆ ಮಾಡಿದವರು ಅವರು. ಗ್ಲ್ಯಾಂಡರ್ಸ್ ತರುವ ಬ್ಯಾಕ್ಟೀರಿಯಾದ ಹೆಸರು ಮಲೈ; ಸ್ಯೂಡೋಮಲೈ, ಅಂದರೆ ‘ಹುಸಿ ಮಲೈ’, ಎಂಬ ಹೆಸರು ಅಲ್ಲಿಂದಲೇ. ಕೃಷ್ಣಸ್ವಾಮಿಯವರ ಹೆಸರನ್ನು ಈಗ ಯಾರೂ ಎತ್ತುವುದಿಲ್ಲ. ಅದು ಬೇರೆ ಮಾತು.
ಆದರೂ ನನ್ನ ಪ್ರಶ್ನೆ ನಿಂತಿದೆ. ಎರಡನೇ ವರದಿಯೇ ಸರಿ ಎನ್ನಲು ಹೊರಗಿನ ಸಾಕ್ಷಿ ಏನು? ಅವರ ವರದಿಗೆ ಅವರೇ ಸಾಕ್ಷಿಯೇ?

ಸುಮಾ, 11:18
ಒಳ್ಳೆಯ ಪ್ರಶ್ನೆ. ಸತೀಶ, ಪೇಟೆಯ ವರದಿಗೆ ಎರಡನೇ ಪುಟ ಇರಬೇಕು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಪಟ್ಟಿ. ಅದನ್ನು ಹಾಕು.

ಸತೀಶ, 11:25
(ಒಂದು ಚಿತ್ರ)

ಸುಮಾ, 11:33
ದೊಡ್ಡ ಮಾವ, ಮೂರು ಸಾಲು ನೋಡಿ. ಜೆಂಟಾಮೈಸಿನ್: ಬಗ್ಗುವುದಿಲ್ಲ. ಕೊಲಿಸ್ಟಿನ್: ಬಗ್ಗುವುದಿಲ್ಲ. ಅಮಾಕ್ಸಿಸಿಲಿನ್-ಕ್ಲಾವುಲನೇಟ್: ಬಗ್ಗುತ್ತದೆ. ಸ್ಯೂಡೋಮೊನಾಸ್ ಎರುಜಿನೋಸಾ ಈ ಮೂರನೆಯದಕ್ಕೆ ಹುಟ್ಟಿನಿಂದಲೇ ಬಗ್ಗದು. ಕೊಲಿಸ್ಟಿನ್‌ಗೆ ಸಾಮಾನ್ಯವಾಗಿ ತಲೆಬಾಗುತ್ತದೆ. ಇಲ್ಲಿ ಎರಡೂ ತಲೆಕೆಳಗು. ಆಕ್ಸಿಡೇಸ್ ಪಾಸಿಟಿವ್ ಆದ ಕಡ್ಡಿ ಈ ಮೂರು ಔಷಧಗಳ ಮುಂದೆ ಹೀಗೆ ನಡೆದುಕೊಂಡರೆ, ಕರಾವಳಿಯಲ್ಲಿ ಕೂತವರು ಸ್ಯೂಡೋಮಲೈಯನ್ನೇ ಮೊದಲು ಅನುಮಾನಿಸಬೇಕು.
ಸಾಕ್ಷಿ ಮೊದಲ ವರದಿಯಲ್ಲೇ ಇತ್ತು. ಬರೆದವರು ಎರಡನೇ ಪುಟವನ್ನು ಮೊದಲ ಪುಟದ ಜೊತೆ ಇಟ್ಟು ಓದಲಿಲ್ಲ, ಅಷ್ಟೇ.

ರಾಘವೇಂದ್ರ, 11:58
ನಾನು ಇಪ್ಪತ್ತು ದಿನಗಳಿಂದ ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲರಿಗೂ ತೋರಿಸುತ್ತಿದ್ದೇನೆ. ಎರಡನೇ ಪುಟ ತಿರುಗಿಸಿರಲಿಲ್ಲ.

ವನಜಾ, 12:01
ಆಯಿತು ಬಿಡಣ್ಣ.

ಗಿರೀಶ, 12:04
ಆ ಲ್ಯಾಬಿನ ಮೇಲೆ ದೂರು ಕೊಡಬೇಕು.

ಸುಮಾ, 12:09
ಮೊದಲು ಎರಡನೇ ವರದಿಯ ಪ್ರತಿಯನ್ನು ಅವರಿಗೆ ಕೊಡಿ. ಮುಂದಿನ ಕೀವು ಅಲ್ಲಿಗೆ ಬಂದಾಗ ಪ್ಲೇಟನ್ನು ಎರಡು ದಿನ ಹೆಚ್ಚು ಇಟ್ಟಾರು. ಅವರು ಮುಖ ತಿರುಗಿಸಿದರೆ ಆಮೇಲೆ ನಿನ್ನ ದೂರು. ಮತ್ತೆ ಸತೀಶ, ಜ್ವರ ಇಳಿದ ಕೂಡಲೇ ಮನೆಗೆ ಹೊರಡುವ ಮಾತು ಬೇಡ. ಅರ್ಧಕ್ಕೆ ಬಿಟ್ಟರೆ ತಿಂಗಳುಗಳ ನಂತರ ಮರಳಿ ಬರುವ ಕಾಯಿಲೆ ಇದು.

ರಾಘವೇಂದ್ರ, 12:20
ಪೇಟೆಗೆ ನಾಳೆ ನಾನೇ ಹೋಗುತ್ತೇನೆ. ಮೂರು ತಿಂಗಳ ಮಾತ್ರೆಯ ಲೆಕ್ಕವನ್ನೂ ನಾನೇ ಇಡುತ್ತೇನೆ. ಭಾಸ್ಕರ ಚಿಕ್ಕಂದಿನಿಂದಲೂ ಔಷಧವನ್ನು ಅರ್ಧಕ್ಕೆ ಬಿಡುವವನು, ಕಷಾಯವನ್ನು ಬಾಳೆಯ ಬುಡಕ್ಕೆ ಚೆಲ್ಲುತ್ತಿದ್ದವನು.

ಭಾಸ್ಕರ, 12:26
ಅಣ್ಣಾ, ನಾನೂ ಈ ಗುಂಪಿನಲ್ಲಿದ್ದೇನೆ. ಬೆಳಿಗ್ಗೆಯಿಂದ ಎಲ್ಲವನ್ನೂ ಓದುತ್ತಿದ್ದೇನೆ. ಬಾಳೆಯ ಬುಡಕ್ಕಲ್ಲ, ಬಸಳೆಯ ಬುಡಕ್ಕೆ. ನಾಳೆ ಬರುವವರು ಮಟ್ಟುಗುಳ್ಳದ ಹುಳಿ ತನ್ನಿ, ಇಲ್ಲಿಯ ಸಾರಿಗೆ ಉಪ್ಪಿಲ್ಲ.

ವನಜಾ, 12:28
ಆಷಾಢದಲ್ಲಿ ಗುಳ್ಳ ಎಲ್ಲಿಂದ ತರಲಿ ಮಾರಾಯಾ? ಅಟ್ಟದಲ್ಲಿ ಕಟ್ಟಿಟ್ಟ ಸೌತೆಕಾಯಿ ಇದೆ, ಅದರ ಹುಳಿ ತರುತ್ತೇನೆ. ಡಾಕ್ಟರನ್ನು ಕೇಳಿಯೇ ಬಡಿಸುವುದು.