ಮಾವ ಕಳಿಸಿದ ಶುಕ್ರಗ್ರಹದ ವಿಡಿಯೊಗೆ ಉತ್ತರ

ಮಾವ, ನಮಸ್ಕಾರ. ಗ್ರೂಪಿನಲ್ಲಿರುವ ಎಲ್ಲರಿಗೂ ನಮಸ್ಕಾರ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಕೇಳಿ. ನಡುವೆ ಕುಕ್ಕರ್ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ.

ಡೊಂಬಿವಲಿ ಮಾವ ನಿನ್ನೆ ಹಾಕಿದ ವಿಡಿಯೊ ಪೂರ್ತಿ ನೋಡಿದೆ. ನೋಡದವರಿಗೆ ಚುಟುಕಾಗಿ ಹೇಳುತ್ತೇನೆ. ಸುಮಾರು 3500 ವರ್ಷದ ಹಿಂದೆ ಗುರುಗ್ರಹದ ಒಳಗಿಂದ ಶುಕ್ರ ಸಿಡಿದು ಬಂತಂತೆ. ಧೂಮಕೇತುವಿನ ಹಾಗೆ ಅಲೆಯುತ್ತಾ ಭೂಮಿಯ ಪಕ್ಕದಲ್ಲೇ ಹಾದು ಹೋಯಿತಂತೆ. ಬೈಬಲ್ಲಿನಲ್ಲಿ ಬರುವ ಹಾಗೆ ಈಜಿಪ್ಟಿನಲ್ಲಿ ಕತ್ತಲೆ ಕವಿದಿದ್ದು, ಸಮುದ್ರ ಇಬ್ಭಾಗವಾಗಿದ್ದು ಎಲ್ಲ ಅದರಿಂದಲೇ ಅಂತೆ. ನಮ್ಮ ಪುರಾಣದ ಪ್ರಳಯವೂ ಅದೇ ಅಂತೆ. ಹೀಗೆ ಹೇಳಿದ ಮನುಷ್ಯನನ್ನು ವಿಜ್ಞಾನಿಗಳು ಒಟ್ಟು ಸೇರಿ ತುಳಿದರು, ಆದ್ದರಿಂದ ಅವನ ಮಾತು ನಿಜ ಅನ್ನುವುದು ವಾದ. ಕೊನೆಗೆ 2029ರಲ್ಲಿ ಇನ್ನೊಂದು ಬರುತ್ತಿದೆ ಅಂತ ಹೆದರಿಸಿ ಮುಗಿಸಿದ್ದಾರೆ. ಕೆಳಗೆ ಮಾವ ಕೇಳಿದ್ದಾರೆ, ಪುಣೆಯ ಬುದ್ಧಿವಂತರು ಇದಕ್ಕೆ ಏನಂತಾರೆ ಅಂತ. ಅದು ನನಗೇ ಅಲ್ವಾ? ಹೇಳುತ್ತೇನೆ.

ಮೊದಲು ಮಾವನ ಪರವಾಗಿಯೇ ಶುರು ಮಾಡುತ್ತೇನೆ. ತುಳಿದರು ಅನ್ನುವುದು ಸುಳ್ಳಲ್ಲ. ಆ ಮನುಷ್ಯನ ಹೆಸರು ಇಮ್ಯಾನುಯೆಲ್ ವೆಲಿಕೋವ್‌ಸ್ಕಿ. 1895ರಲ್ಲಿ ವಿಟೆಬ್ಸ್ಕ್‌ನಲ್ಲಿ ಹುಟ್ಟಿದವರು, ಮನೋವೈದ್ಯರು. 1950ರಲ್ಲಿ ಅಮೆರಿಕದ ಮ್ಯಾಕ್‌ಮಿಲನ್ ಕಂಪನಿ ಅವರ 'ವರ್ಲ್ಡ್ಸ್ ಇನ್ ಕೊಲಿಷನ್' ಪುಸ್ತಕ ತಂದಿತು. ಅದು ಅಂಗಡಿಗೆ ಬರುವ ಮುಂಚೆಯೇ ಹಾರ್ವರ್ಡ್‌ನ ಖಗೋಳ ವಿಜ್ಞಾನಿ ಹಾರ್ಲೋ ಶಾಪ್ಲಿ ಕಂಪನಿಗೆ ಕಾಗದ ಬರೆದು ತಕರಾರು ತೆಗೆದಿದ್ದರು. ಮ್ಯಾಕ್‌ಮಿಲನ್‌ಗೆ ಪಠ್ಯಪುಸ್ತಕದ ವ್ಯಾಪಾರ ದೊಡ್ಡದು. ಪ್ರೊಫೆಸರ್‌ಗಳು ಮುನಿಸಿಕೊಂಡರೆ ಹೊಟ್ಟೆಗೆ ಹೊಡೆತ. ಪುಸ್ತಕ ಬಿಸಿಬಿಸಿ ಮಾರಾಟವಾಗುತ್ತಿದ್ದಾಗಲೇ, ಎರಡೇ ತಿಂಗಳಲ್ಲಿ, ಅದನ್ನು ಡಬಲ್‌ಡೇ ಅನ್ನುವ ಬೇರೆ ಕಂಪನಿಗೆ ಕೊಟ್ಟು ಕೈ ತೊಳೆದುಕೊಂಡರು. ಪುಸ್ತಕವನ್ನು ಒಪ್ಪಿಕೊಂಡಿದ್ದ ಸಂಪಾದಕರು ಕೆಲಸ ಕಳೆದುಕೊಂಡರು. ನ್ಯೂಯಾರ್ಕಿನ ಹೇಡನ್ ತಾರಾಲಯದ ಗಾರ್ಡನ್ ಆಟ್‌ವಾಟರ್ ಪುಸ್ತಕದ ಬಗ್ಗೆ ಸ್ವಲ್ಪ ಒಳ್ಳೆಯ ಮಾತಾಡಿದ್ದರು. ಅವರ ಕೆಲಸವೂ ಹೋಯಿತು. ಓದದೆಯೇ ಬೈದವರೂ ಇದ್ದರು. ನಾಚಿಕೆಗೇಡಿನ ಕೆಲಸ, ನನಗೇನೂ ಸಂಕೋಚವಿಲ್ಲ ಹಾಗನ್ನಲು. ಅದರಿಂದ ಆದದ್ದೇನು? ವೆಲಿಕೋವ್‌ಸ್ಕಿ ಹುತಾತ್ಮರ ಹಾಗೆ ಕಂಡರು, ಪುಸ್ತಕ ಇನ್ನೂ ಜಾಸ್ತಿ ಖರ್ಚಾಯಿತು.

ಆದರೆ ಮಾವ, ಒಬ್ಬನಿಗೆ ಅನ್ಯಾಯ ಆಯಿತು ಅಂದ ಮಾತ್ರಕ್ಕೆ ಅವನ ಲೆಕ್ಕ ಸರಿಹೋಗುವುದಿಲ್ಲ. ಅದನ್ನು ಬೇರೆಯಾಗಿಯೇ ನೋಡಬೇಕು.

ವಿಡಿಯೊದಲ್ಲಿ ಭಾರಿ ಸದ್ದು ಮಾಡಿದ ಮಾತು ಒಂದಿದೆ. ಶುಕ್ರ ಬಿಸಿಯಾಗಿರುತ್ತದೆ ಅಂತ ವೆಲಿಕೋವ್‌ಸ್ಕಿ ಮುಂಚೆಯೇ ಹೇಳಿದ್ದರು, ಅದು ನಿಜವಾಯಿತು ಅಂತ. ನಿಜ, ಹೇಳಿದ್ದರು. 1962ರಲ್ಲಿ ಮ್ಯಾರಿನರ್ 2 ನೌಕೆ ಹೋಗಿ ನೋಡಿದಾಗ ಶುಕ್ರ ಕೆಂಡದ ಹಾಗೆ ಬಿಸಿ ಇತ್ತು. ನೆಲದ ಬಿಸಿ ಸುಮಾರು 460 ಡಿಗ್ರಿ. ಆದರೆ ಅವರು ಕೊಟ್ಟ ಕಾರಣ ಏನು? ಹೊಸದಾಗಿ ಹುಟ್ಟಿದ ಗ್ರಹ, ಇನ್ನೂ ಆರಿಲ್ಲ ಅಂತ. ನಿಜವಾದ ಕಾರಣ ಅಲ್ಲಿನ ಗಾಳಿ. ಅದರಲ್ಲಿ ನೂರಕ್ಕೆ 96 ಪಾಲು ಕಾರ್ಬನ್ ಡೈಆಕ್ಸೈಡ್, ಒತ್ತಡ ನಮ್ಮದರ ತೊಂಬತ್ತು ಪಟ್ಟು. ಬಿಸಿಲಿನ ಕಾವು ಒಳಗೆ ಹೋದರೆ ಸುಲಭವಾಗಿ ಹೊರಗೆ ಬರುವುದಿಲ್ಲ. ಇನ್ನು ಅಲ್ಲಿನ ಮೋಡದಲ್ಲಿ ಎಣ್ಣೆಯಂಥ ಹೈಡ್ರೋಕಾರ್ಬನ್ ಇರುತ್ತದೆ ಅಂದಿದ್ದರು. ಸಿಕ್ಕಿದ್ದು ಗಂಧಕಾಮ್ಲ. ವಿಡಿಯೊದವರು ಇದನ್ನು ಯಾಕೆ ಹೇಳಲಿಲ್ಲವೋ!

ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವುದು ಶುಕ್ರ ಸುತ್ತುವ ದಾರಿ. ಎಲ್ಲೆಲ್ಲೋ ಅಲೆದು, ಭೂಮಿಗೆ ಸವರಿಕೊಂಡು ಹೋಗಿ, ಈಗ ಸುಮ್ಮನಾದ ಗ್ರಹ ಅಂದರೆ ಅದರ ದಾರಿ ಸೊಟ್ಟಗೆ ಎಳೆದ ಹಾಗಿರಬೇಕು. ಎಂಟು ಗ್ರಹಗಳಲ್ಲಿ ಅತಿ ದುಂಡಗಿನ ದಾರಿ ಶುಕ್ರನದೇ. ಅಷ್ಟು ದೊಡ್ಡ ಗ್ರಹ, ತೂಕದಲ್ಲಿ ಭೂಮಿಯ ಐದರಲ್ಲಿ ನಾಲ್ಕು ಪಾಲು, ಹತ್ತಿರ ಬಂದಿದ್ದರೆ ನಮ್ಮ ಚಂದ್ರ ಇಷ್ಟು ಅಚ್ಚುಕಟ್ಟಾಗಿ ಉಳಿಯುತ್ತಿತ್ತಾ? ಗ್ರೀನ್‌ಲ್ಯಾಂಡಿನಲ್ಲಿ ವರ್ಷ ವರ್ಷದ ಹಿಮ ಪದರ ಪದರವಾಗಿ ಕೂತಿದೆ, ಸಾವಿರಾರು ವರ್ಷದ್ದು ಎಣಿಸಬಹುದು. ಎಲ್ಲೋ ಒಂದು ಜ್ವಾಲಾಮುಖಿ ಸಿಡಿದರೂ ಅದರಲ್ಲಿ ಗುರುತು ಬೀಳುತ್ತದೆ. ಇಡೀ ಭೂಮಿಯನ್ನೇ ಅಲ್ಲಾಡಿಸಿದ ಘಟನೆಯ ಗುರುತು ಮಾತ್ರ ಅಲ್ಲಿಲ್ಲ.

ಇನ್ನೊಂದು ಸಾಕ್ಷಿ ಈಗಿನ ಇರಾಕಿನಲ್ಲಿದ್ದ ಪ್ರಾಚೀನ ಬ್ಯಾಬಿಲೋನಿನದು. ಅಮ್ಮಿಸದುಕ ಅನ್ನುವ ರಾಜನ ಕಾಲದಲ್ಲಿ ಶುಕ್ರ ಯಾವಾಗ ಕಂಡಿತು, ಯಾವಾಗ ಮರೆಯಾಯಿತು ಅಂತ 21 ವರ್ಷದ ಲೆಕ್ಕ ಬರೆದಿಟ್ಟಿದ್ದಾರೆ. ಅದರ ನಂತರದ ನಕಲು ಮಣ್ಣಿನ ಹಲಗೆಯ ಮೇಲೆ ಸಿಕ್ಕಿದೆ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆ ರಾಜ ಆಳಿದ್ದು ವೆಲಿಕೋವ್‌ಸ್ಕಿ ಹೇಳುವ ಘಟನೆಗಿಂತ ಮುಂಚೆ! ನಕಲು ಮಾಡಿದವರ ತಪ್ಪುಗಳು ಅದರಲ್ಲಿ ಬೇಕಾದಷ್ಟಿವೆ, ಅವನ್ನೇ ಹಿಡಿದುಕೊಂಡು ಶುಕ್ರನ ದಾರಿಯೇ ಬೇರೆ ಇತ್ತು ಅಂತ ವೆಲಿಕೋವ್‌ಸ್ಕಿ ವಾದಿಸಿದರು. ಇರಲಿ, ಶುಕ್ರ ಆಗಲೇ ಆಕಾಶದಲ್ಲಿತ್ತು ಅಲ್ವಾ.

ಈಗ ನನಗೆ ಕೋಪ ಬಂದ ಜಾಗ. ವಿಡಿಯೊದಲ್ಲಿ, ವಿಜ್ಞಾನಿಗಳಿಗೆ ಮಹಾ ಅನಾಹುತ ಅಂದರೆ ಆಗುವುದಿಲ್ಲ, ಎಲ್ಲ ನಿಧಾನಕ್ಕೆ ಆಯಿತು ಅಂತಲೇ ಅವರ ಹಟ, ಅಂದಿದ್ದಾರಲ್ಲ, ಅದು ಹಳೇ ಕಾಲದ ಮಾತು. ಬೇರೆಲ್ಲೂ ಹೋಗಬೇಡಿ, ನಮ್ಮ ಮಹಾರಾಷ್ಟ್ರದ ಲೋಣಾರಕ್ಕೆ ಬನ್ನಿ. ಬುಲಢಾಣಾ ಜಿಲ್ಲೆ. 1.8 ಕಿಲೋಮೀಟರ್ ಅಗಲದ ಗುಂಡಿ, ತಳದಲ್ಲಿ ಉಪ್ಪು ಸವಳಿನ ಕೆರೆ. ನಾನು ಅದರ ಅಂಚಿನಲ್ಲಿ ನಿಂತು ನೋಡಿದ್ದೇನೆ. ಪುಣೆ ಹತ್ತಿರದ ಸಿಂಹಗಡದ ದಾರಿಯಲ್ಲಿ ಕಪ್ಪು ಬಂಡೆಯ ಪದರಗಳು ಒಂದರ ಮೇಲೊಂದು ಮಟ್ಟಸವಾಗಿ ಮಲಗಿರುತ್ತವೆ, ನೀವೂ ನೋಡಿದ್ದೀರಿ. ಲೋಣಾರದ ಅಂಚಿನಲ್ಲಿ ಅದೇ ಜಾತಿಯ ಬಂಡೆ ಮೇಲಕ್ಕೆ ಎದ್ದು ಹೊರಗಡೆಗೆ ವಾಲಿದೆ, ಒಳಗಿಂದ ಯಾರೋ ಒದ್ದ ಹಾಗೆ. ಬಹಳ ಕಾಲ ಅದನ್ನು ಜ್ವಾಲಾಮುಖಿಯ ಬಾಯಿ ಅಂತಲೇ ತಿಳಿದಿದ್ದರು. ತಳ ಕೊರೆದು ತೆಗೆದ ಕಲ್ಲಿನಲ್ಲಿ ಭಯಂಕರ ಒತ್ತಡದಿಂದ ಮಾತ್ರ ಆಗುವ ಗಾಜು ಸಿಕ್ಕಿತು. 1973ರಲ್ಲಿ ಪ್ರಬಂಧ ಬಂತು, ಆಕಾಶದಿಂದ ಬಿದ್ದದ್ದೇ ಅಂತ ಒಪ್ಪಿಕೊಂಡರು. ಯಾರೂ ಯಾರನ್ನೂ ತುಳಿಯಲಿಲ್ಲ.

ಇದೇ ಲೋಣಾರದಲ್ಲಿ ಪುರಾಣದ ಪ್ರಶ್ನೆಗೂ ಒಂದು ಉತ್ತರ ಇದೆ. ಅಲ್ಲಿನ ಕಥೆ ಗೊತ್ತಲ್ಲ, ಲವಣಾಸುರ ನೆಲದೊಳಗೆ ಅಡಗಿದ್ದ, ವಿಷ್ಣು ಬಂದು ಕೊಂದ ಅಂತ. ಊರಿನಲ್ಲಿ ದೈತ್ಯಸೂದನ ದೇವಸ್ಥಾನವೇ ಇದೆ, ಕೆತ್ತನೆ ನೋಡುವಂತಿದೆ. ವಿಡಿಯೊದವರಿಗೆ ಇದು ಸಿಕ್ಕಿದ್ದರೆ, ನೋಡಿ, ಉಲ್ಕೆ ಬಿದ್ದದ್ದನ್ನು ಕಣ್ಣಾರೆ ಕಂಡವರು ಹೇಳಿದ ಕಥೆ ಅನ್ನುತ್ತಿದ್ದರು. ಹಿಂದೆ ಆ ಗುಂಡಿಗೆ 52 ಸಾವಿರ ವರ್ಷ ಅಂತ ಅಂದಾಜು ಮಾಡಿದ್ದರು. ಆಮೇಲೆ ಕಲ್ಲಿನಲ್ಲಿರುವ ಆರ್ಗಾನ್ ಅನಿಲದಿಂದ ವಯಸ್ಸು ಹೇಳುವ ವಿಧಾನದಲ್ಲಿ ಅಳೆದಾಗ ಬಂದದ್ದು 5 ಲಕ್ಷ 70 ಸಾವಿರದ ಹತ್ತಿರ. ನಮ್ಮಂಥ ಮನುಷ್ಯರ ಅತಿ ಹಳೆಯ ಮೂಳೆಗೇ ಸುಮಾರು 3 ಲಕ್ಷ ವರ್ಷ. ಬಿದ್ದದ್ದನ್ನು ನೋಡಿ ಕಥೆ ಕಟ್ಟಲು ಯಾರಿದ್ದರು? ಜನ ಬಂದು ಗುಂಡಿ ನೋಡಿದರು, ಉಪ್ಪು ನೀರು ನೋಡಿದರು, ಇದು ಹೇಗಾಯಿತು ಅಂತ ಕೇಳಿಕೊಂಡರು, ಕಥೆ ಹುಟ್ಟಿತು. ಹಾಗಂತ ಎಲ್ಲ ಕಥೆಯನ್ನೂ ತಳ್ಳಿಹಾಕುತ್ತಿಲ್ಲ. ಅಮೆರಿಕದ ಮೂಲನಿವಾಸಿ ಕ್ಲಾಮತ್ ಜನರಲ್ಲಿ ಬೆಟ್ಟ ಸಿಡಿದು ಕುಸಿದ ಕಥೆ ಇದೆ. ಅಲ್ಲಿನ ಮಜಾಮಾ ಬೆಟ್ಟ ಸುಮಾರು 7700 ವರ್ಷದ ಹಿಂದೆ ನಿಜವಾಗಿ ಸಿಡಿದಿತ್ತು. ಅದರ ಬೂದಿಯ ಕೆಳಗೆ ಮನುಷ್ಯರು ಹೆಣೆದ ಚಪ್ಪಲಿಗಳೇ ಸಿಕ್ಕಿವೆ. ಅಲ್ಲಿ ನೋಡಿದವರು ಇದ್ದರು. ಕಥೆಯ ಜೊತೆ ನೆಲವೂ ಮಾತಾಡಬೇಕು.

ಅತ್ತಿಗೆ ಕೇಳಿದ್ದರಲ್ಲ, ಎದುರು ಹೇಳಿದವರಿಗೆ ಕೊನೆಗೂ ಮರ್ಯಾದೆ ಸಿಗುತ್ತದಾ ಅಂತ. ಸಿಗುತ್ತದೆ, ತಡವಾಗಿ. ಜೆ. ಹಾರ್ಲೆನ್ ಬ್ರೆಟ್ಜ್ ಅಂತ ಒಬ್ಬ ಭೂವಿಜ್ಞಾನಿ ಇದ್ದರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬರಡು ಕಣಿವೆಗಳನ್ನೆಲ್ಲ ನಡೆದು ನೋಡಿ, 1923ರಲ್ಲಿ, ಇದು ನದಿ ನಿಧಾನಕ್ಕೆ ಕೊರೆದದ್ದಲ್ಲ, ಒಮ್ಮೆಲೇ ನುಗ್ಗಿದ ಮಹಾಪೂರ ಅಂದರು. 1927ರಲ್ಲಿ ದೊಡ್ಡವರೆಲ್ಲ ಸಭೆ ಸೇರಿ ಅವರನ್ನು ತರಾಟೆಗೆ ತೆಗೆದುಕೊಂಡರು. ಅಷ್ಟು ನೀರು ಎಲ್ಲಿಂದ ಬಂತಪ್ಪಾ ಅಂತ ಕೇಳಿದರು. ಬ್ರೆಟ್ಜ್ ಮತ್ತೆ ಮತ್ತೆ ಅಲ್ಲಿಗೇ ಹೋದರು. ಮುಂದೆ ಪಾರ್ಡಿ ಅನ್ನುವ ಭೂವಿಜ್ಞಾನಿ ಮೊಂಟಾನಾದಲ್ಲಿ ಹಿಮಯುಗದ ಒಂದು ದೊಡ್ಡ ಸರೋವರ ಒಡೆದು ಖಾಲಿಯಾದ ಗುರುತು ತೋರಿಸಿದರು. ಹೊಳೆಯ ಮರಳಿನ ಮೇಲೆ ಬೀಳುವ ಅಲೆಯ ಗೆರೆ ಇರುತ್ತದಲ್ಲ, ಅಂಥ ಗೆರೆಗಳೇ ಅಲ್ಲಿ ಮನೆಯಷ್ಟು ಎತ್ತರ ಎದ್ದಿದ್ದವು. 1979ರಲ್ಲಿ ಬ್ರೆಟ್ಜ್‌ಗೆ ಭೂವಿಜ್ಞಾನದ ದೊಡ್ಡ ಗೌರವವಾದ ಪೆನ್ರೋಸ್ ಪದಕ ಕೊಟ್ಟಾಗ ಅವರಿಗೆ ತೊಂಬತ್ತೈದು ದಾಟಿತ್ತು. ವೆಲಿಕೋವ್‌ಸ್ಕಿ ತೀರಿಕೊಂಡದ್ದೂ ಅದೇ ವರ್ಷ. ಅವರ ಪರ ಅಂಥ ಒಂದು ಕಲ್ಲೂ ಎದ್ದು ನಿಲ್ಲಲಿಲ್ಲ.

ನಮ್ಮ ಪುಣೆಯವರನ್ನೇ ತೆಗೆದುಕೊಳ್ಳಿ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್, ವಿಶ್ವ ಒಂದು ಮಹಾಸ್ಫೋಟದಿಂದ ಶುರುವಾಯಿತು ಅನ್ನುವ ಬಿಗ್ ಬ್ಯಾಂಗ್ ವಾದವನ್ನು ಜೀವನಪೂರ್ತಿ ಒಪ್ಪಲಿಲ್ಲ. ಜಗತ್ತಿನ ಮುಕ್ಕಾಲುಪಾಲು ವಿಜ್ಞಾನಿಗಳಿಗೆ ಎದುರು ನಿಂತ ಹಾಗೆ. ಆದರೂ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಆಯುಕಾ ಅನ್ನುವ ಖಗೋಳ ಸಂಶೋಧನಾ ಕೇಂದ್ರ ಕಟ್ಟಿದವರು ಅವರೇ, ಪದ್ಮವಿಭೂಷಣ ಬಂದದ್ದೂ ಅವರಿಗೆ. ಲೆಕ್ಕ ಮುಂದಿಟ್ಟರು, ತಪ್ಪು ಹುಡುಕಿ ಅಂದರು, ಹುಡುಕಿದವರ ಜೊತೆ ವಾದ ಮಾಡಿದರು. ಹೆಚ್ಚಿನವರು ಕೊನೆಗೂ ಅವರ ಮಾತು ಒಪ್ಪಲಿಲ್ಲ, ಆದರೆ ಯಾರೂ ಅವರನ್ನು ಹುಚ್ಚ ಅನ್ನಲಿಲ್ಲ.

ಈಗ 2029ರ ವಿಷಯ. ಮಾವ, ವಿಡಿಯೊ ನೋಡಿ ನಿಮ್ಮ ಮೊಮ್ಮಗಳು ರಾತ್ರಿ ನಿದ್ದೆ ಮಾಡಲಿಲ್ಲ ಅಂತ ಅಕ್ಕ ಹೇಳಿದಳು. ಅವಳಿಗೆ ಇಷ್ಟು ಹೇಳಿ. ಅದರ ಹೆಸರು ಅಪೋಫಿಸ್, ಗ್ರಹ ಅಲ್ಲ, ಒಂದು ಕ್ಷುದ್ರಗ್ರಹ. ಅಗಲ ಮುನ್ನೂರು ಮೀಟರಿಗಿಂತ ಸ್ವಲ್ಪ ಜಾಸ್ತಿ. 2029ರ ಏಪ್ರಿಲ್ 13ರಂದು ನೆಲದಿಂದ ಸುಮಾರು 32 ಸಾವಿರ ಕಿಲೋಮೀಟರ್ ದೂರದಲ್ಲಿ ಹಾದು ಹೋಗುತ್ತದೆ. ಹತ್ತಿರವೇ, ಇಲ್ಲ ಅನ್ನುವುದಿಲ್ಲ. ಆದರೆ 2021ರಲ್ಲಿ ರಡಾರಿನಿಂದ ಅಳೆದು, ಇನ್ನು ನೂರು ವರ್ಷ ಅದು ಭೂಮಿಗೆ ಬಡಿಯುವುದಿಲ್ಲ ಅಂತ ನಾಸಾ ಹೇಳಿಯಾಗಿದೆ. 2022ರಲ್ಲಿ ಡಾರ್ಟ್ ಅನ್ನುವ ನೌಕೆಯನ್ನು ಬೇಕೆಂದೇ ಇನ್ನೊಂದು ಸಣ್ಣ ಕ್ಷುದ್ರಗ್ರಹಕ್ಕೆ ಗುದ್ದಿಸಿ ನೋಡಿದರು. ಅದು ತನ್ನ ಜೊತೆಯ ದೊಡ್ಡ ಕ್ಷುದ್ರಗ್ರಹಕ್ಕೆ ಒಂದು ಸುತ್ತು ಹಾಕುವ ಸಮಯದಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಕಡಿಮೆಯಾಯಿತು. ಅಂದರೆ ಏನಾದರೂ ಬರುತ್ತಿದ್ದರೆ ತಳ್ಳುವ ದಾರಿಯನ್ನೂ ಹುಡುಕುತ್ತಿದ್ದಾರೆ. ಫೆಬ್ರವರಿ 28ಕ್ಕೆ ವಿಜ್ಞಾನ ದಿನ, ಆಯುಕಾದಲ್ಲಿ ಎಲ್ಲರನ್ನೂ ಒಳಗೆ ಬಿಡುತ್ತಾರೆ. ರಜೆ ಹೊಂದಿದರೆ ಅವಳನ್ನು ಕರೆದುಕೊಂಡು ಬನ್ನಿ ಮಾವ, ನಮ್ಮ ಮನೆಯಲ್ಲೇ ಇಳಿದುಕೊಳ್ಳಿ. ಕೇಳಬೇಕಾದ್ದನ್ನೆಲ್ಲ ಅವಳೇ ಅಲ್ಲಿನವರನ್ನು ಕೇಳಲಿ. ಇಡುತ್ತೇನೆ, ಬಾಗಿಲಲ್ಲಿ ಯಾರೋ ಬಂದರು.